ವಿಂಗ್ ಫಾಯಿಲಿಂಗ್: ಸೊಂಟ ನೋಯದಂತೆ ಹಾರ್ನೆಸ್ ಬಳಸುವುದು ಹೇಗೆ? ಮಲೆನಾಡಿನ ಹಿನ್ನೀರಿಗೆ ಇಳಿಯುವವರಿಗೊಂದು ಮಾರ್ಗದರ್ಶಿ

ವಿಂಗ್ ಫಾಯಿಲಿಂಗ್ ಎಂದರೆ ಗಾಳಿ ತುಂಬಿದ ರೆಕ್ಕೆಯನ್ನು (ವಿಂಗ್) ಕೈಯಲ್ಲಿ ಹಿಡಿದು, ಅಡಿಯಲ್ಲಿ ನೀರೊಳಗಿನ ರೆಕ್ಕೆ (ಫಾಯಿಲ್) ಇರುವ ಬೋರ್ಡ್ ಮೇಲೆ ನಿಂತು, ನೀರಿನಿಂದ ಮೇಲೆದ್ದು ಸಾಗುವ ಆಟ. ವಿಂಗ್‌ನ ಎಳೆತವನ್ನು ಕೈಯಿಂದ ಸೊಂಟಕ್ಕೆ ದಾಟಿಸುವ, ಮುಂದೆ ಹುಕ್ ಇರುವ ಬೆಲ್ಟೇ ಹಾರ್ನೆಸ್. ಅದನ್ನು ಕೊಂಡು ಕೆಲವೇ ದಿನಕ್ಕೆ ಅಟ್ಟಕ್ಕೆ ಹಾಕುವವರು ತುಂಬಾ ಜನ. ಪಕ್ಕೆಲುಬಿಗೆ ಒತ್ತುತ್ತದೆ, ಹೊಟ್ಟೆಗೆ ಹುಕ್ ಚುಚ್ಚುತ್ತದೆ, ಸೊಂಟದ ಸುತ್ತ ಚರ್ಮ ಉಜ್ಜಿ ಉರಿಯುತ್ತದೆ, ರಾತ್ರಿ ಮಲಗಿದರೆ ಬೆನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ "ನನಗೆ ಇದು ಆಗಿಬರಲ್ಲ" ಎಂದುಬಿಡುತ್ತಾರೆ. ಆಗಿಬರುತ್ತದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೋವು ಕಾಣಿಸುವುದು ಸೊಂಟದಲ್ಲಾದರೂ ಅದರ ಮೂಲ ಹೆಚ್ಚಾಗಿ ವಿಂಗ್‌ಗೆ ಕಟ್ಟಿ ಹುಕ್‌ಗೆ ಸಿಕ್ಕಿಸುವ ಹಗ್ಗದಲ್ಲಿ, ಅಂದರೆ ಲೈನ್‌ನಲ್ಲಿರುತ್ತದೆ. ದುಡ್ಡು ಕೊಟ್ಟು ಇನ್ನೊಂದು ಬೆಲ್ಟ್ ತರುವ ಮೊದಲು ಲೈನ್ ನೋಡಿ. ಈ ಬರಹವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಇನ್ನೊಂದು ಮಾತು. ಈ ವಿಷಯದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದ ಕಡಲಿನವು. ಅಲ್ಲಿನವರು ದಪ್ಪ ವೆಟ್‌ಸೂಟ್ ಹಾಕುತ್ತಾರೆ, ಅದರ ಮೇಲೆ ಬೆಲ್ಟ್ ಬಿಗಿಯುತ್ತಾರೆ. ಶರಾವತಿ ಹಿನ್ನೀರಿಗೋ ಗಾಜನೂರಿನ ತುಂಗೆಯ ನೀರಿಗೋ ಇಳಿಯುವ ನಮಗೆ ತೆಳ್ಳನೆಯ ಅಂಗಿಯೊಂದೇ ಸಾಕು. ಹಾಗಾಗಿ ಬೆಲ್ಟಿನ ಅಂಚು ನಮ್ಮ ಮೈಗೆ ನೇರವಾಗಿ ಕೊರೆಯುತ್ತದೆ. ಅದಕ್ಕೆ ತಕ್ಕಂತೆ ಕೆಲವು ವಿಷಯ ಬದಲಿಸಿಕೊಳ್ಳಬೇಕಾಗುತ್ತದೆ.

ಮೊದಲು: ನಿಮಗೆ ಈಗಲೇ ಹಾರ್ನೆಸ್ ಬೇಕಾ?

ಇನ್ನೂ ಬೋರ್ಡ್ ಮೇಲೆ ನಿಲ್ಲುವುದನ್ನೇ ಕಲಿಯುತ್ತಿದ್ದರೆ ಬೇಡ. ಆ ಹಂತದಲ್ಲಿ ಬೀಳುವುದು, ಮತ್ತೆ ಹತ್ತುವುದೇ ಹೆಚ್ಚು. ಪ್ರತಿ ಸಲ ಹತ್ತುವಾಗಲೂ ಹುಕ್ ಹೊಟ್ಟೆಗೆ ಸಿಗುತ್ತದೆ. ನನ್ನ ಲೆಕ್ಕದಲ್ಲಿ, ಎಡಕ್ಕೂ ಬಲಕ್ಕೂ ಕೆಲವು ನೂರು ಮೀಟರ್ ಫಾಯಿಲ್ ಮೇಲೆ ಬೀಳದೆ ಹೋಗಲು ಬರಬೇಕು. ಆಮೇಲೆ ಕಾಲು ಸೋಲುವ ಮೊದಲೇ ಕೈ ಸೋಲುತ್ತಿದೆ ಅನ್ನಿಸಬೇಕು. ಆಗ ಹಾರ್ನೆಸ್ ತನ್ನಿ.

ಹೊಟ್ಟೆಯ ಶಸ್ತ್ರಚಿಕಿತ್ಸೆ ಈಚೆಗೆ ಆದವರು, ಹರ್ನಿಯಾ ಇರುವವರು, ಗರ್ಭಿಣಿಯರು ಸೊಂಟದ ಹಾರ್ನೆಸ್ ಹಾಕಲೇಬಾರದು. ಡಿಸ್ಕ್ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ.

ಎಳೆತ ಯಾವ ಕಡೆಗೆ?

ಸೊಂಟದ ಹಾರ್ನೆಸ್ ವಿಂಡ್‌ಸರ್ಫಿಂಗ್‌ನಿಂದ ಬಂದದ್ದು. ಅಲ್ಲಿ ಹಾಯಿ ನಿಮ್ಮ ಎದುರಿಗೆ ನಿಂತಿರುತ್ತದೆ. ಎಳೆತ ಸುಮಾರು ಅಡ್ಡಕ್ಕೆ, ಮುಂದಕ್ಕೆ. ವಿಂಗ್‌ನಲ್ಲಿ ಹಾಗಿಲ್ಲ. ವಿಂಗ್ ನಿಮ್ಮ ತಲೆಯ ಎತ್ತರದಲ್ಲಿ, ಎಷ್ಟೋ ಸಲ ಇನ್ನೂ ಮೇಲೆ ಇರುತ್ತದೆ. ಅದು ನಿಮ್ಮನ್ನು ಮುಂದಕ್ಕೂ ಎಳೆಯುತ್ತದೆ, ಮೇಲಕ್ಕೂ ಎತ್ತುತ್ತದೆ. ಆ ಮೇಲ್ಮುಖ ಎಳೆತದಿಂದಲೇ ಬೆಲ್ಟ್ ಸೊಂಟ ಬಿಟ್ಟು ಜಾರಿ ಪಕ್ಕೆಲುಬಿನ ಕೆಳಗೆ ಹೋಗಿ ಕೂರುತ್ತದೆ. ಕೆಳಗಿನ ಪಕ್ಕೆಲುಬುಗಳಿಗೆ ಎದೆಮೂಳೆಯ ಆಸರೆ ಸರಿಯಾಗಿ ಇರುವುದಿಲ್ಲ. ಒತ್ತಿದರೆ ಬೇಗ ನೋಯುತ್ತವೆ, ಉಸಿರೂ ಕಟ್ಟಿದಂತಾಗುತ್ತದೆ.

ಹಾಗಾಗಿ ಈ ಕೆಲಸದಲ್ಲಿ ಎರಡೇ ಗುರಿ. ಬೆಲ್ಟ್ ಮೇಲೆ ಹೋಗದಂತೆ ತಡೆಯಬೇಕು. ಎಳೆತ ಸೊಂಟದ ಎರಡೂ ಬದಿಗೆ ಸಮನಾಗಿ ಬೀಳುವಂತೆ ಮಾಡಬೇಕು.

ಲೈನ್ ಹೊಂದಿಸುವುದು: ದಡದಲ್ಲೇ ಮಾಡಿ

ಹೆಚ್ಚಿನ ವಿಂಗ್‌ಗಳಲ್ಲಿ ಒಂದೇ ಲೈನ್. ಮುಂದಿನ ಹ್ಯಾಂಡಲ್ ಹತ್ತಿರ ಒಂದು ತುದಿ, ಹಿಂದಿನ ಹ್ಯಾಂಡಲ್ ಹತ್ತಿರ ಇನ್ನೊಂದು ತುದಿ. ಹ್ಯಾಂಡಲ್ ಬದಲು ಹಿಡಿಯಲು ಉದ್ದ ಕೋಲು (ಬೂಮ್) ಇರುವ ವಿಂಗ್ ಆದರೆ ಬೂಮ್‌ಗೇ ಕಟ್ಟುತ್ತಾರೆ. ನಡುವೆ ಜೋತುಬಿದ್ದ ಲೈನನ್ನು ಹುಕ್‌ಗೆ ಸಿಕ್ಕಿಸುತ್ತೀರಿ. ಉದ್ದ ಹೊಂದಿಸಲು ಬರುವ ಲೈನ್ ಕೊಂಡರೆ ಒಳ್ಳೆಯದು, ಯಾಕೆಂದರೆ ಮೊದಲ ದಿನವೇ ಸರಿಯಾದ ಅಳತೆ ಯಾರಿಗೂ ಸಿಗುವುದಿಲ್ಲ.

ಮೊದಲು ಸಮತೋಲ. ಹಗುರ ಗಾಳಿ ಇರುವ ಹೊತ್ತು, ಬಯಲಾದ ದಡದಲ್ಲಿ, ಗಾಳಿಗೆ ಅಡ್ಡವಾಗಿ ನಿಲ್ಲಿ. ಹಾರ್ನೆಸ್ ಹಾಕಿಕೊಂಡು ಲೈನ್ ಸಿಕ್ಕಿಸಿ. ಎರಡೂ ಕೈಗಳ ಹಿಡಿತವನ್ನು ನಿಧಾನವಾಗಿ ಸಡಿಲ ಮಾಡಿ. ಹ್ಯಾಂಡಲ್ ಪೂರ್ತಿ ಬಿಡಬೇಡಿ, ಬೆರಳು ಅದರ ಮೇಲೆಯೇ ಇರಲಿ. ಈಗ ಯಾವ ಕೈಗೆ ಭಾರ ಬರುತ್ತಿದೆ ನೋಡಿ.

ಹಿಂದಿನ ಕೈ ಎಳೆಯಬೇಕಾಗಿ ಬಂದರೆ, ಅಂದರೆ ವಿಂಗ್‌ನ ಹಿಂಭಾಗ ನಿಮ್ಮಿಂದ ದೂರ ಹೋಗುತ್ತಿದ್ದರೆ, ಲೈನ್ ತುಂಬಾ ಮುಂದಿದೆ. ಎರಡೂ ತುದಿಯನ್ನು ಒಂದೆರಡು ಬೆರಳಷ್ಟು ಹಿಂದಕ್ಕೆ ಸರಿಸಿ. ಮುಂದಿನ ಕೈಗೆ ಭಾರ ಬಂದರೆ ಲೈನ್ ತುಂಬಾ ಹಿಂದಿದೆ, ಮುಂದಕ್ಕೆ ಸರಿಸಿ. ಎರಡೂ ಕೈ ಸುಮ್ಮನೆ ಹ್ಯಾಂಡಲ್ ಮೇಲೆ ಕೂತಿದ್ದು, ವಿಂಗ್ ತಾನಾಗಿ ಸಮ ನಿಂತರೆ ಸರಿಯಾಯಿತು.

ಇದನ್ನು ಅವಸರದಲ್ಲಿ ಮುಗಿಸಬೇಡಿ. ಒಂದು ಕೈಗೆ ಭಾರ ಜಾಸ್ತಿ ಬಂದರೆ ನೀವು ನಿಮಗೇ ತಿಳಿಯದಂತೆ ಸೊಂಟ ತಿರುಚಿ ಅದನ್ನು ಸರಿದೂಗಿಸುತ್ತೀರಿ. ಸೊಪ್ಪಿನ ಹೊರೆ ಒಂದು ಬದಿಗೆ ವಾಲಿದ್ದರೆ ಹೊತ್ತವರ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಸಿಂಬಿ ಎಷ್ಟು ಮೆತ್ತಗಿದ್ದರೂ ಅಷ್ಟೇ. ಇಲ್ಲೂ ಹಾಗೆಯೇ. ಅರ್ಧ ಗಂಟೆ ತಿರುಚಿಕೊಂಡು ನಿಂತರೆ ಬೆನ್ನಿನ ಒಂದೇ ಬದಿ ನೋಯುತ್ತದೆ. ಆ ನೋವಿಗೆ ಎಷ್ಟು ಸ್ಪಂಜ್ ಇರುವ ಬೆಲ್ಟ್ ತಂದರೂ ಪ್ರಯೋಜನವಿಲ್ಲ.

ಆಮೇಲೆ ಉದ್ದ. ವಿಂಡ್‌ಸರ್ಫಿಂಗ್‌ನವರ ಹಳೆಯ ಅಳತೆಯೊಂದಿದೆ. ಲೈನಿನ ಕುಣಿಕೆಯೊಳಗೆ ಮೊಣಕೈ ಇಟ್ಟರೆ ಅಂಗೈ ಹ್ಯಾಂಡಲ್‌ಗೆ ಮುಟ್ಟಬೇಕು. ವಿಂಗ್‌ಗೂ ಅಲ್ಲಿಂದಲೇ ಶುರು ಮಾಡಿ. ಹುಕ್ ಸಿಕ್ಕಿಸಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಪೂರ್ತಿ ಮಡಚಿಕೊಂಡಿದ್ದರೆ ಲೈನ್ ಗಿಡ್ಡವಾಯಿತು. ಗಿಡ್ಡ ಲೈನ್ ವಿಂಗನ್ನು ನಿಮ್ಮ ಮೈಗೆ ಅಂಟಿಸಿ ಇಡುತ್ತದೆ. ಸಣ್ಣ ಗಾಳಿಯ ಹೊಡೆತವೂ ಜಗ್ಗಿದಂತೆ ಸೊಂಟಕ್ಕೆ ಬೀಳುತ್ತದೆ, ಬಿಡಿಸಿಕೊಳ್ಳಲು ಜಾಗವೂ ಇರುವುದಿಲ್ಲ. ತುಂಬಾ ಉದ್ದವಾದರೆ ಲೈನ್ ಮೇಲೆ ಭಾರವೇ ಬೀಳುವುದಿಲ್ಲ, ಅಥವಾ ಭಾರ ಹಾಕಲು ನೀವು ಹಿಂದಕ್ಕೆ ವಾಲುತ್ತೀರಿ. ವಾಲಿದರೆ ಫಾಯಿಲ್ ಹಿಮ್ಮಡಿ ಕಡೆಗೆ ತಿರುಗಿ ಕೆಡವುತ್ತದೆ.

ಮಲೆನಾಡಿನಲ್ಲಿ ನಾನು ಹೇಳುವುದು ಇಷ್ಟು: ಕಡಲಿನಲ್ಲಿ ಇಡುವುದಕ್ಕಿಂತ ಒಂದು ಚೂರು ಉದ್ದವೇ ಇರಲಿ. ಕಡಲ ಗಾಳಿ ಬಹಳ ಹೊತ್ತು ಒಂದೇ ಸಮ ಬೀಸುತ್ತದೆ. ಗುಡ್ಡಗಳ ನಡುವೆ ನುಸುಳಿ ಬರುವ ಗಾಳಿ ಹಾಗಲ್ಲ. ಒಂದು ಕೊಲ್ಲಿಯಲ್ಲಿ ಸತ್ತುಹೋಗಿರುತ್ತದೆ, ತಿರುವು ದಾಟಿದರೆ ಒಮ್ಮೆಲೆ ನುಗ್ಗುತ್ತದೆ. ಮಳೆಗಾಲದ ಗಾಳಿಯಂತೂ ಮಳೆಯ ಒಂದೊಂದು ಹೊಡೆತದ ಜೊತೆ ಏರಿ ಇಳಿಯುತ್ತದೆ. ಇಂಥ ಗಾಳಿಯಲ್ಲಿ ಕೈ ಆಡಿಸಲು ಜಾಗ ಬೇಕು.

ಬೆಲ್ಟ್ ಕಟ್ಟುವ ಕ್ರಮ

ಅಳತೆ ಸರಿ ಇದೆಯಾ ಮೊದಲು ನೋಡಿ. ಪೂರ್ತಿ ಬಿಗಿ ಮಾಡಿದ ಮೇಲೂ ಪಟ್ಟಿ ಇನ್ನಷ್ಟು ಎಳೆಯಲು ಜಾಗ ಉಳಿದಿರಬೇಕು. ಹೊಟ್ಟೆಯ ಮುಂದೆ ಬೆಲ್ಟಿನ ಎರಡು ಅಂಚು ಒಂದಕ್ಕೊಂದು ತಾಗಿದರೆ ಅದು ನಿಮಗೆ ದೊಡ್ಡದು. ನೀರು ಕುಡಿದು ಮೆತ್ತಗಾದ ಮೇಲೆ ಖಂಡಿತ ಜಾರುತ್ತದೆ. ಕೊಳ್ಳುವಾಗ ಪ್ಯಾಂಟಿನ ಅಳತೆ ಹೇಳಬೇಡಿ. ಟೇಪ್ ಹಿಡಿದು, ಬೆಲ್ಟ್ ಕೂರುವ ಜಾಗದಲ್ಲೇ ಸುತ್ತಳತೆ ತೆಗೆಯಿರಿ.

ಬೆಲ್ಟ್ ಕೂರಬೇಕಾದ ಜಾಗ ಸೊಂಟದ ಮೂಳೆಯ ಮೇಲಂಚಿನ ಸುತ್ತ. ಕೈಯನ್ನು ಸೊಂಟದ ಮೇಲೆ ಇಟ್ಟು ನಿಂತರೆ ಹೆಬ್ಬೆರಳು, ತೋರುಬೆರಳು ಎಲ್ಲಿ ಕೂರುತ್ತವೋ ಅಲ್ಲೇ. ಹುಕ್ ಹೊಕ್ಕುಳ ಮಟ್ಟದಲ್ಲಿ, ಅಥವಾ ಅದಕ್ಕಿಂತ ತುಸು ಕೆಳಗೆ ಬರಬೇಕು. ದಡದಲ್ಲಿ ನಿಂತಾಗ ಸ್ವಲ್ಪ ಕೆಳಗಾಯಿತು ಅನ್ನಿಸಿದರೆ ಪರವಾಗಿಲ್ಲ. ನೀರಿನಲ್ಲಿ ಅದು ಹೇಗೂ ಮೇಲೇರುತ್ತದೆ, ಆ ಏರಿಕೆಗೆ ಜಾಗ ಬಿಟ್ಟು ಕಟ್ಟಿ.

ಎರಡು ಪಟ್ಟಿ ಇರುವ ಬೆಲ್ಟ್ ಆದರೆ ಕೆಳಗಿನದನ್ನು ಮೊದಲು ಬಿಗಿಯಿರಿ. ಅದು ಗಟ್ಟಿಯಾಗಿ ಹಿಡಿದರೆ ಬೆಲ್ಟ್ ಮೇಲೆ ಹೋಗುವುದು ಕಷ್ಟ. ಮೇಲಿನ ಪಟ್ಟಿ ತುಸು ಸಡಿಲವಿರಲಿ. ಹೊಟ್ಟೆ ತುಂಬ ಉಸಿರು ಎಳೆದು ನೋಡಿ. ಆಗಲೂ ಮೇಲಂಚಿನೊಳಗೆ ಎರಡು ಬೆರಳು ತೂರುವಂತಿರಬೇಕು. ಎಷ್ಟೋ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಮೇಲೆ ಬಿಗಿ, ಕೆಳಗೆ ಸಡಿಲ. ಪಕ್ಕೆಲುಬು ನೋಯಲು ಅಷ್ಟು ಸಾಕು, ಅಲ್ವಾ?

ನಿಂತುಕೊಂಡು ಕಟ್ಟಿದ್ದು ಮಂಡಿಯೂರಿದಾಗ ಬೇರೆ ಥರ ಕೂರುತ್ತದೆ. ಹಾಗಾಗಿ ಕಟ್ಟಿದ ಮೇಲೆ ದಡದಲ್ಲೇ ಒಮ್ಮೆ ಮಂಡಿಯೂರಿ, ಒಮ್ಮೆ ಕುಕ್ಕರಗಾಲಲ್ಲಿ ಕೂತು ಏಳಿ. ಹುಕ್ ಇರುವ ಲೋಹದ ಪಟ್ಟಿಯ ತುದಿ ತೊಡೆಸಂದಿಗೆ ಒತ್ತುತ್ತದಾ ನೋಡಿ. ಒತ್ತಿದರೆ ಆ ಪಟ್ಟಿ ನಿಮ್ಮ ಮೈಗೆ ಅಗಲವಾಯಿತು, ಚಿಕ್ಕದನ್ನು ಹಾಕಿಸಿ. ಪಟ್ಟಿಯ ಹಿಂದೆ ಒಂದು ಮೆತ್ತೆ ಇರಲೇಬೇಕು. ಲೋಹ ನೇರವಾಗಿ ಹೊಟ್ಟೆಗೆ ತಾಗಬಾರದು.

ನೀರಿಗಿಳಿದು ಹತ್ತು ನಿಮಿಷದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಒದ್ದೆಯಾದ ಪಟ್ಟಿ ಬಕಲ್‌ನಲ್ಲಿ ಜಾರುತ್ತದೆ, ಒಳಗಿನ ಸ್ಪಂಜ್ ತಗ್ಗುತ್ತದೆ. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಗಟ್ಟಿ ಬೆನ್ನಿನ ಹಾರ್ನೆಸ್ ಒಳ್ಳೆಯದಾ, ಮೆತ್ತನೆಯದಾ? ಗಟ್ಟಿಯದು ಭಾರವನ್ನು ಅಗಲಕ್ಕೆ ಹಂಚುತ್ತದೆ, ಆದರೆ ಅದರ ಆಕಾರ ನಿಮ್ಮ ಬೆನ್ನಿಗೆ ಹೊಂದದಿದ್ದರೆ ಅಂಚು ಕೊರೆಯುತ್ತದೆ. ತೆಳು ಅಂಗಿ ಹಾಕುವ ನಮಗೆ ಅಂಚು ಮೆತ್ತಗಿರುವ, ಕಡಿಮೆ ಎತ್ತರದ ಬೆಲ್ಟ್ ಹೊಂದುತ್ತದೆ ಎನ್ನುವುದು ನನ್ನ ಆಯ್ಕೆ. ವಿಂಗ್‌ಗೆಂದೇ ಮಾಡಿದ ಬೆಲ್ಟ್‌ಗಳು ಹೀಗೇ ಇರುತ್ತವೆ. ಏನೇ ಮಾಡಿದರೂ ಬೆಲ್ಟ್ ಮೇಲೇರುವುದು ನಿಲ್ಲದಿದ್ದರೆ ಕಾಲಿನ ಸಂದಿಯಲ್ಲಿ ಪಟ್ಟಿ ಬರುವ ಸೀಟ್ ಹಾರ್ನೆಸ್ ನೋಡಬಹುದು. ಅದರ ಎಳೆತ ಕೆಳಗೆ ಬೀಳುತ್ತದೆ, ಮೇಲೆ ಜಾರುವುದಿಲ್ಲ. ಆದರೆ ಮಂಡಿಯೂರಿ ಏಳುವಾಗ ತೊಡೆಗೆ ಅಡ್ಡ ಬರುತ್ತದೆ.

ಬೆಲ್ಟಿನ ಒಳಗೆ

ಹತ್ತಿ ಬನಿಯನ್, ಟೀ ಶರ್ಟ್ ಬೇಡ. ಒದ್ದೆಯಾದ ಹತ್ತಿ ಮಡಿಕೆ ಬಿದ್ದು ಚರ್ಮ ಸುಲಿಯುತ್ತದೆ. ಮೈಗೆ ಅಂಟಿಕೊಳ್ಳುವ ಲೈಕ್ರಾ ಅಂಗಿ ಹಾಕಿ. ಅದು ಬೆಲ್ಟಿಗಿಂತ ಒಂದು ಗೇಣು ಕೆಳಗೆ ಬರುವಷ್ಟು ಉದ್ದ ಇರಲಿ. ಚಡ್ಡಿಯ ಲಾಡಿಯ ಗಂಟು, ಜಿಪ್, ಗುಂಡಿ ಯಾವುದೂ ಬೆಲ್ಟಿನ ಕೆಳಗೆ ಬರಬಾರದು.

ಉಡಿದಾರ ಹಾಕುವವರು ಒಂದು ಸಲ ಮುಟ್ಟಿ ನೋಡಿಕೊಳ್ಳಿ. ದಾರದ ಗಂಟು, ತಾಯತ, ಬೆಳ್ಳಿಯ ಕೊಂಡಿ ಬೆಲ್ಟಿನ ಕೆಳಗೆ ಸಿಕ್ಕರೆ ಒಂದೇ ಗಂಟೆಯಲ್ಲಿ ಅಲ್ಲಿ ಗಾಯವಾಗುತ್ತದೆ. ತೆಗೆಯಬೇಕೆಂದಿಲ್ಲ. ಬೆಲ್ಟ್ ಕಟ್ಟುವ ಮೊದಲು ಅದನ್ನು ಕೆಳಗೆ, ಚಡ್ಡಿಯ ಒಳಗೆ ಸರಿಸಿಕೊಂಡರೆ ಸಾಕು.

ಇಂಪ್ಯಾಕ್ಟ್ ವೆಸ್ಟ್ ಅಥವಾ ಲೈಫ್ ಜಾಕೆಟ್ ಉದ್ದವಾಗಿದ್ದು ಅದರ ಮೇಲೆ ಬೆಲ್ಟ್ ಬಂದರೆ ಎರಡೂ ಸೇರಿ ಮೇಲೆ ಜಾರುತ್ತವೆ. ಸೊಂಟಕ್ಕಿಂತ ಮೇಲೆಯೇ ಮುಗಿಯುವ ಗಿಡ್ಡ ಜಾಕೆಟ್ ತೆಗೆದುಕೊಳ್ಳಿ. ಇಂಪ್ಯಾಕ್ಟ್ ವೆಸ್ಟ್ ಪೆಟ್ಟು ತಡೆಯುತ್ತದೆ, ಆದರೆ ಮುಳುಗುವವರನ್ನು ತೇಲಿಸುವ ಲೈಫ್ ಜಾಕೆಟ್‌ನ ಕೆಲಸ ಅದು ಮಾಡುವುದಿಲ್ಲ. ಆಳವಾದ ಹಿನ್ನೀರಿನಲ್ಲಿ ತೇಲಿಸುವಂಥದ್ದೇ ಬೇಕು.

ಕಡಲಲ್ಲಿ ಚರ್ಮ ಉಜ್ಜುವುದು ಉಪ್ಪು. ನಮ್ಮಲ್ಲಿ ಆ ಕೆಲಸ ಮಾಡುವುದು ಕೆಂಪು ಮಣ್ಣು. ದಡದ ಜೌಗು ಮಣ್ಣಿನ ಮೇಲೆ ಬೆಲ್ಟ್ ಇಟ್ಟು, ಹಾಗೇ ಎತ್ತಿ ಕಟ್ಟಿಕೊಂಡರೆ ಆ ಸಣ್ಣ ಮರಳು ಇಡೀ ಹೊತ್ತು ಸೊಂಟ ಉಜ್ಜುತ್ತದೆ. ಬೆಲ್ಟನ್ನು ಗಿಡಕ್ಕೆ ನೇತುಹಾಕಿ ಅಥವಾ ಟಾರ್ಪಾಲಿನ ಮೇಲೆ ಇಡಿ. ಕಟ್ಟುವ ಮೊದಲು ಒಳಮೈ ನೀರಲ್ಲಿ ಜಾಲಾಡಿ. ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ನಮಗಿದೆ. ಆದರೆ ಅದೇ ಕೈ ಹ್ಯಾಂಡಲ್ ಹಿಡಿದರೆ ಜಾರುತ್ತದೆ. ಹಚ್ಚಿದರೆ ಕೈಯನ್ನು ಸೋಪಿನಲ್ಲಿ ತೊಳೆದು ಇಳಿಯಿರಿ. ಪೆಟ್ರೋಲಿಯಂ ಜೆಲ್ಲಿ ಬೆಲ್ಟಿನ ನಿಯೋಪ್ರೀನ್ (ರಬ್ಬರ್) ಬಟ್ಟೆಯನ್ನು ಹಾಳು ಮಾಡುತ್ತದೆ, ಅದು ಬೇಡ.

ಊಟದ ಬಗ್ಗೆ: ಕಡುಬು, ಚಟ್ನಿ ಹೊಟ್ಟೆ ತುಂಬ ತಿಂದು ಬೆಲ್ಟ್ ಬಿಗಿದರೆ ಹುಳಿತೇಗು ಗ್ಯಾರಂಟಿ. ಎರಡು ಗಂಟೆ ಮೊದಲು ಹಗುರವಾಗಿ ತಿನ್ನಿ.

ಬೋರ್ಡ್ ಹತ್ತುವಾಗ

ಹೊಟ್ಟೆಯ ಮೇಲೆ ಜಾರಿಕೊಂಡು ಹತ್ತುವ ಅಭ್ಯಾಸ ಇದ್ದರೆ ಹುಕ್ ಹೊಟ್ಟೆಗೂ ಚುಚ್ಚುತ್ತದೆ, ಬೋರ್ಡಿಗೂ ಗೀರು ಹಾಕುತ್ತದೆ. ಬದಿಯಿಂದ ಹತ್ತಿ. ಒಂದು ಕೈ ಬೋರ್ಡಿನ ಆಚೆ ಅಂಚಿಗೆ, ಇನ್ನೊಂದು ಈಚೆ ಅಂಚಿಗೆ. ಕಾಲು ಜೋರಾಗಿ ಬಡಿದು, ಎದೆ ಬೋರ್ಡಿನ ಮೇಲೆ ಬರುತ್ತಿದ್ದಂತೆ ತುಸು ಮಗ್ಗುಲಾಗಿ ಮೊದಲ ಮಂಡಿ ಮೇಲೆ ತನ್ನಿ. ಸೊಂಟ ಬೋರ್ಡಿಗೆ ಒರಗುವ ಮೊದಲೇ ಮಂಡಿ ಬಂದಿರಬೇಕು. ಮಡಚುವ ಹುಕ್ ಅಥವಾ ತೆಗೆದಿಡಬಹುದಾದ ಹುಕ್ ಸಿಕ್ಕರೆ ಇನ್ನೂ ಅನುಕೂಲ.

ಸಿಹಿನೀರು ಉಪ್ಪುನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಕಡಿಮೆ ತೇಲಿಸುತ್ತದೆ. ಕಡಲಲ್ಲಿ ನಿಮ್ಮನ್ನು ಹೇಗೋ ಹೊತ್ತು ನಿಲ್ಲುವ ಸಣ್ಣ ಬೋರ್ಡ್ ಇಲ್ಲಿ ಇನ್ನಷ್ಟು ಮುಳುಗುತ್ತದೆ, ಹತ್ತುವ ಒದ್ದಾಟವೂ ಜಾಸ್ತಿ. ಹಿನ್ನೀರಿಗೆ ತುಸು ದೊಡ್ಡ ಬೋರ್ಡ್ ತಂದರೆ ಹೊಟ್ಟೆಗೆ ಆಗುವ ಪೆಟ್ಟು ಅಷ್ಟರಮಟ್ಟಿಗೆ ಕಡಿಮೆ.

ನೀರಿನ ಮೇಲೆ

ಫಾಯಿಲ್ ಎದ್ದು, ವೇಗ ಹಿಡಿದು, ಮೈ ಸ್ಥಿರವಾದ ಮೇಲೆ ಹುಕ್ ಸಿಕ್ಕಿಸಿ. ಅದಕ್ಕೆ ಮೊದಲು ಬೇಡ. ವಿಂಗನ್ನು ಕ್ಷಣಕಾಲ ನಿಮ್ಮ ಕಡೆಗೆ ಎಳೆದುಕೊಂಡರೆ ಲೈನ್ ತೂಗಿ ಹುಕ್ ಹತ್ತಿರ ಬರುತ್ತದೆ, ಆಗ ಸೊಂಟ ಮುಂದಕ್ಕೆ ಕೊಟ್ಟು ಹಿಡಿಯಿರಿ. ಕೆಳಗೆ ನೋಡುತ್ತಾ ಕೂರಬೇಡಿ, ನೋಟ ಮುಂದೆ ಇರಲಿ.

ಸಿಕ್ಕಿಸಿದ ಮೇಲೆ ಬೆನ್ನು ನೆಟ್ಟಗೆ, ಮಂಡಿ ಸ್ವಲ್ಪ ಬಾಗಿ ಇರಲಿ. ಭಾರ ಸೊಂಟದಿಂದ ತೊಡೆಗೆ, ತೊಡೆಯಿಂದ ಪಾದಕ್ಕೆ ಇಳಿಯಬೇಕು. ಬೆನ್ನು ಗೂನಾದರೆ ಆ ಭಾರ ಸೊಂಟದ ಬೆನ್ನುಮೂಳೆಯ ಮೇಲೆ ನಿಲ್ಲುತ್ತದೆ. ಹಾರ್ನೆಸ್ ಹಾಕಿದವರಿಗೆ ಬೆನ್ನು ನೋವು ಬರುವುದು ಬಹಳ ಸಲ ಈ ಗೂನಿನಿಂದಲೇ. ವಿಂಗನ್ನು ಆದಷ್ಟು ಮುಂದೆ ಮತ್ತು ಕೆಳಗೆ ಹಿಡಿಯಿರಿ. ಎಳೆತ ಅಡ್ಡಕ್ಕೆ ತಿರುಗಿದಷ್ಟೂ ಬೆಲ್ಟ್ ಜಾಗದಲ್ಲೇ ಕೂರುತ್ತದೆ.

ಗಾಳಿಯ ಹೊಡೆತ ಬರುತ್ತಿದೆ ಎಂದು ನೀರಿನ ಮೇಲಿನ ಕಪ್ಪು ಛಾಯೆ ಮೊದಲೇ ಹೇಳುತ್ತದೆ. ಅದು ಹತ್ತಿರ ಬಂದಾಗ ಹಿಂದಿನ ಕೈ ಸಡಿಲ ಮಾಡಿ. ಜೋರಾಗಿದ್ದರೆ ಬಿಡಿಸಿಕೊಳ್ಳಿ. ತಿರುಗುವ ಮೊದಲು, ದಡದ ಹತ್ತಿರ, ಬೇರೆ ದೋಣಿ ಕಂಡಾಗಲೂ ಬಿಡಿಸಿಕೊಂಡೇ ಇರಿ. ಮೊದಮೊದಲು ಒಂದೆರಡು ನಿಮಿಷ ಸಿಕ್ಕಿಸಿ, ಅಷ್ಟೇ ಹೊತ್ತು ಬಿಟ್ಟು, ಹೀಗೆ ಮಾಡಿದರೆ ಮೈ ಹೊಂದಿಕೊಳ್ಳುತ್ತದೆ.

ಬೊಡ್ಡೆಗಳ ಬಗ್ಗೆ, ದಯವಿಟ್ಟು

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರಿನಲ್ಲಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಕರೀ ಬೊಡ್ಡೆಗಳು ಮೇಲೆ ಕಾಣುತ್ತವೆ. ನಿಜವಾದ ಅಪಾಯ ಕಾಣದವುಗಳದ್ದು, ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಕೆಳಗೆ ಇರುವವು. ಬೋರ್ಡಿನಿಂದ ಫಾಯಿಲ್‌ಗೆ ಇಳಿಯುವ ಕಂಬ (ಮಾಸ್ಟ್) ಸಾಮಾನ್ಯವಾಗಿ 75ರಿಂದ 85 ಸೆಂಟಿಮೀಟರ್ ಉದ್ದ. ಅದು ಬೊಡ್ಡೆಗೆ ಬಡಿದರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ನೀವು ಮುಂದಕ್ಕೆ ಹಾರುತ್ತೀರಿ. ಹುಕ್ ಸಿಕ್ಕಿಸಿಕೊಂಡಿದ್ದರೆ ವಿಂಗ್ ಜೊತೆಗೇ ಹಾರಿ, ಲೈನ್ ಸುತ್ತಿಕೊಳ್ಳಬಹುದು.

ಆದ್ದರಿಂದ ತಳ ಗೊತ್ತಿಲ್ಲದ ಕಡೆ ಹುಕ್ ಹಾಕಲೇಬೇಡಿ. ಹೊಳೆಬಾಗಿಲು, ಹೊನ್ನೆಮರಡು, ತಾಳಗುಪ್ಪದ ಕಡೆಯ ದೋಣಿಯವರು, ಮೀನು ಹಿಡಿಯುವವರಿಗೆ ಎಲ್ಲಿ ಬೊಡ್ಡೆ ಇದೆ, ಎಲ್ಲಿ ಹಳೆಯ ಹೊಳೆಯ ಆಳ ಇದೆ ಎನ್ನುವುದು ಚೆನ್ನಾಗಿ ಗೊತ್ತು. ಕೇಳಿ. ಜಲಾಶಯಕ್ಕೆ ಇಳಿಯಲು ಅನುಮತಿ ಬೇಕಾ ಎಂದೂ ಆಯಾ ಊರಿನಲ್ಲಿ ಮೊದಲೇ ವಿಚಾರಿಸಿ. ಅಣೆಕಟ್ಟು, ಸೇತುವೆ ಕಂಬಗಳಿಂದ ದೂರ ಇರಿ.

ಬಿಡಿಸಿಕೊಳ್ಳುವುದನ್ನು ಎದೆಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡಿ. ಹುಕ್ ಹಾಕಿಕೊಂಡೇ ಬಿದ್ದು, ಕಣ್ಣು ಮುಚ್ಚಿ, ವಿಂಗನ್ನು ಮೈ ಕಡೆ ಎಳೆದು ಲೈನ್ ಸಡಿಲ ಮಾಡಿ ಬಿಡಿಸಬೇಕು. ಬಕಲನ್ನು ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು. ಹಗ್ಗ ಕತ್ತರಿಸುವ ಸಣ್ಣ ಸೇಫ್ಟಿ ಚಾಕು ಬೆಲ್ಟ್‌ನಲ್ಲಿ ಇರಲಿ. ಇದು ಸಹಜವಾಗಿ ಬರುವವರೆಗೆ ಆಳಕ್ಕೆ ಹುಕ್ ಹಾಕಿ ಹೋಗಬೇಡಿ. ಈ ಭರವಸೆ ಬಂದ ಮೇಲೆ ಮೈ ಬಿಗಿ ಬಿಡುತ್ತದೆ, ಬೆನ್ನು ನೋವೂ ಕಡಿಮೆಯಾಗುತ್ತದೆ.

ನೋವು ಏನು ಹೇಳುತ್ತಿದೆ

ಬೆನ್ನಿನ ಒಂದೇ ಬದಿ ನೋವು: ಲೈನ್ ಸಮತೋಲ ತಪ್ಪಿದೆ. ಎರಡೂ ಬದಿ ನೋವು: ಬೆನ್ನು ಗೂನಾಗುತ್ತಿದೆ. ಪಕ್ಕೆಲುಬು: ಬೆಲ್ಟ್ ಮೇಲೇರಿದೆ. ಹುಕ್ ಒಂದು ಬದಿಗೆ ತಿರುಗಿ ನಿಂತಿದ್ದರೆ ಎಡ ಬಲ ಪಟ್ಟಿಗಳ ಉದ್ದ ಒಂದೇ ಇಲ್ಲ, ಅಳೆದು ನೋಡಿ.

ತೊಡೆಯ ಹೊರಬದಿ ಜೋಮು ಹಿಡಿದರೆ, ಉರಿದರೆ ನಿರ್ಲಕ್ಷಿಸಬೇಡಿ. ಸೊಂಟದ ಮೂಳೆಯ ಮುಂದೆ ಹಾದು ತೊಡೆಗೆ ಹೋಗುವ ಒಂದು ನರ ಬಿಗಿ ಬೆಲ್ಟಿನಿಂದ ಒತ್ತಿಕೊಳ್ಳುತ್ತದೆ. ಕೂಡಲೇ ಸಡಿಲ ಮಾಡಿ, ಅವತ್ತಿಗೆ ಹಾರ್ನೆಸ್ ಬಿಡಿ. ಜೋಮು ಮರುದಿನವೂ ಇದ್ದರೆ, ನೋವು ಕಾಲಿಗೆ ಇಳಿದರೆ, ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚುವುದು ಕೆಲವು ದಿನ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ತೊಳೆದು ಒಣಗಿಸುವುದು

ಮಲೆನಾಡಿನ ಮಳೆಗಾಲದಲ್ಲಿ ಹಾರ್ನೆಸ್ ಒಣಗಿಸುವುದೇ ದೊಡ್ಡ ಕೆಲಸ. ಒದ್ದೆ ಬೆಲ್ಟನ್ನು ಕಾರಿನ ಡಿಕ್ಕಿಯಲ್ಲಿ ಎರಡು ದಿನ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಅದನ್ನೇ ಮತ್ತೆ ಕಟ್ಟಿದರೆ ಉಜ್ಜಿದ ಚರ್ಮಕ್ಕೆ ತುರಿಕೆ ಬರುತ್ತದೆ. ಮನೆಗೆ ಬಂದ ಕೂಡಲೇ ಬಕಲ್, ಪಟ್ಟಿಯ ಸಂದಿಯ ಮಣ್ಣು ಹೋಗುವಂತೆ ನೀರು ಹಾಕಿ ತೊಳೆಯಿರಿ. ಹಿಂಡಬೇಡಿ, ಒಳಗಿನ ಗಟ್ಟಿ ಹಾಳೆ ಮುರಿಯುತ್ತದೆ. ಟವೆಲಿನಲ್ಲಿ ಒತ್ತಿ ನೀರು ತೆಗೆದು, ಜಗಲಿಯಲ್ಲಿ ಗಾಳಿಯಾಡುವ ಕಡೆ ಎಲ್ಲ ಪಟ್ಟಿ ಬಿಚ್ಚಿ ನೇತುಹಾಕಿ. ಫ್ಯಾನ್ ಹಾಕಿದರೆ ಇನ್ನೂ ಒಳ್ಳೆಯದು. ಬಚ್ಚಲ ಒಲೆಯ ಮೇಲೆ, ಅಡಿಕೆ ಬೇಯಿಸುವ ಒಲೆಯ ಹತ್ತಿರ ಇಡಬೇಡಿ. ಬಿಸಿಗೆ ಅಂಟು ಬಿಟ್ಟು ಸ್ಪಂಜ್ ಪದರ ಏಳುತ್ತದೆ, ಎದ್ದ ಪದರದ ಅಂಚೇ ಮುಂದಿನ ಸಲ ಮೈ ಕೊರೆಯುತ್ತದೆ. ಒಣಗಿದ ಮೇಲೆ ಹೊಲಿಗೆ, ಬಕಲ್, ಲೈನಿನ ತುದಿ ಸವೆದಿವೆಯಾ ನೋಡಿ. ಲೈನಿನ ಹೊರಗಿನ ಕೊಳವೆ ಹುಕ್ ತಾಗುವ ಜಾಗದಲ್ಲಿ ಸವೆದು ಒಳಗಿನ ಹಗ್ಗ ಕಂಡರೆ ಆ ಲೈನ್ ಬದಲಿಸಿ. ಹೊಸ ಲೈನ್ ಕಟ್ಟಿದ ದಿನ ಸಮತೋಲದ ಪರೀಕ್ಷೆಯನ್ನು ದಡದಲ್ಲಿ ಮೊದಲಿನಿಂದ ಮಾಡಿ, ಮೊದಲ ಒಂದೆರಡು ಸಲ ಬಳಸಿದ ಮೇಲೆ ಉದ್ದ ಮತ್ತೆ ಅಳೆಯಿರಿ.